‘ಕಿನ್ಸ್‌ಮೆನ್’: ಆಟಿ ತಿಂಗಳಲ್ಲಿ ಕೇಳಿದ ಎರಡು ಸ್ಯಾಕ್ಸೋಫೋನ್

ತುಳುನಾಡಿನ ಮಳೆಗಾಲದ ಆಟಿ ತಿಂಗಳು ಬಂದರೆ ನಮ್ಮಂಥ ವಾದ್ಯದವರಿಗೆ ಕೆಲಸ ಇರುವುದಿಲ್ಲ. ದೇವಸ್ಥಾನದ ಉತ್ಸವಗಳು ಮಳೆಗಾಲಕ್ಕೆ ಮೊದಲು ಬರುವ ಪತ್ತನಾಜೆಯ ದಿನಕ್ಕೇ ಮುಗಿದಿರುತ್ತವೆ. ಮದುವೆ ಇಲ್ಲ, ಗೃಹಪ್ರವೇಶವೂ ಇಲ್ಲ. ಹೊರಗೆ ಮಳೆ. ಸ್ಯಾಕ್ಸೋಫೋನಿನ ತೂತು ಮುಚ್ಚುವ ಪ್ಯಾಡುಗಳು ತೇವ ಹಿಡಿದು ಅಂಟುತ್ತವೆ, ದಿನಕ್ಕೊಮ್ಮೆ ಬಟ್ಟೆಯಲ್ಲಿ ಒರೆಸಿ ಇಡಬೇಕು. ಈ ಸಲ ಆ ಬಿಡುವಿನಲ್ಲಿ ನಾನು ಒಂದೇ ಸಿ.ಡಿ.ಯನ್ನು ಮೂರು ವಾರ ಕೇಳಿದೆ. ಅದರ ಹೆಸರು ‘ಕಿನ್ಸ್‌ಮೆನ್’. ಅಂದರೆ ನೆಂಟರು, ಒಂದೇ ಬಳಗದವರು. ಅಮೆರಿಕದ ಪೈ ರೆಕಾರ್ಡಿಂಗ್ಸ್ ಕಂಪನಿ 2008ರಲ್ಲಿ ತಂದದ್ದು. ಇಬ್ಬರು ಆಲ್ಟೋ ಸ್ಯಾಕ್ಸೋಫೋನ್ ನುಡಿಸಿದ್ದಾರೆ. ಒಬ್ಬರು ಆ ವಾದ್ಯದಲ್ಲಿ ಕರ್ನಾಟಕ ಸಂಗೀತ ನುಡಿಸಿದ ನಮ್ಮ ಕದ್ರಿ ಗೋಪಾಲನಾಥರು. ಇನ್ನೊಬ್ಬರು ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಾಂತಪ್ಪ.

ಕದ್ರಿಯವರ ಹೆಸರು ಗೊತ್ತಿಲ್ಲದವರು ನಮ್ಮ ಜಿಲ್ಲೆಯಲ್ಲಿ ಇಲ್ಲ. ರುದ್ರೇಶ್ ಹೆಸರು ಕೇಳಿದವರು ನನ್ನ ಪರಿಚಯದಲ್ಲಿ ಒಬ್ಬರೂ ಇರಲಿಲ್ಲ. ನನಗೂ ಗೊತ್ತಿರಲಿಲ್ಲ. ಬೆಂಗಳೂರಿನಲ್ಲಿರುವ ಅಕ್ಕನ ಮಗ ಫೋನಿನಲ್ಲಿ ಒಂದು ತುಣುಕು ಕಳಿಸಿ, “ಮಾವ, ಇದರಲ್ಲಿ ಕದ್ರಿಯವರು ಯಾವುದು, ಇನ್ನೊಬ್ಬರು ಯಾವುದು ಹೇಳಿ” ಅಂದ. ನಾನು ಎರಡು ಸೆಕೆಂಡಿನಲ್ಲಿ ಹೇಳಿದೆ. ಆದರೆ ಆ ಇನ್ನೊಬ್ಬರ ನಾದ ಕಿವಿಯಿಂದ ಹೋಗಲಿಲ್ಲ. ಫೋನಿನ ಸಣ್ಣ ಸ್ಪೀಕರಿನಲ್ಲಿ ಅದು ಬಿಸಿಲಲ್ಲಿ ಒಣಗಿದ ಬಿದಿರು ಸೀಳಿದ ಹಾಗೆ ಕೇಳಿಸಿತು. ಸಿ.ಡಿ.ಯೇ ಬೇಕು ಅಂದೆ. ಅವನು ಆನ್‌ಲೈನಿನಲ್ಲಿ ಯಾರೋ ಹಳೆಯ ಸಿ.ಡಿ. ಮಾರುವವರಿಂದ ತರಿಸಿ ಕಳಿಸಿದ. ಡಬ್ಬಿ ಒಡೆದಿತ್ತು, ಒಳಗಿನ ಪುಸ್ತಿಕೆ ಇರಲಿಲ್ಲ. ನನಗೆ ಬೇಜಾರಾಯಿತು. ಯಾರು ಏನು ನುಡಿಸಿದ್ದಾರೆ ಅಂತ ಓದುತ್ತಾ ಕೇಳುವುದು ನನ್ನ ಅಭ್ಯಾಸ. ಸಿ.ಡಿ.ಗೆ ಮಾತ್ರ ಗೀರು ಇರಲಿಲ್ಲ.

ನನ್ನ ಬಗ್ಗೆ ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ನಾನು ಯಾವ ಕಿವಿಯಿಂದ ಕೇಳಿದೆ ಅನ್ನುವುದು ನಿಮಗೆ ತಿಳಿಯುವುದಿಲ್ಲ. ಮೂಡುಬಿದಿರೆ ಸುತ್ತಮುತ್ತ ಮದುವೆ, ದೇವಸ್ಥಾನ, ದೈವಗಳ ಕೋಲ, ನೇಮಗಳಿಗೆ ಇಪ್ಪತ್ತೆರಡು ವರ್ಷದಿಂದ ಸ್ಯಾಕ್ಸೋಫೋನ್ ಊದುತ್ತಿದ್ದೇನೆ. ಅಪ್ಪ ನಾಗಸ್ವರದವರು. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಹತ್ತಿರದ ಊರಿನ ಬ್ರಹ್ಮಕಲಶೋತ್ಸವಕ್ಕೆ ಕದ್ರಿಯವರ ಕಚೇರಿ ಇತ್ತು. ಅಪ್ಪ ನನ್ನನ್ನು ಕರೆದುಕೊಂಡು ಹೋದರು. ಕಚೇರಿ ಮುಗಿದ ಮೇಲೆ ಬಸ್ಸಿಗೆ ಕಾಯುವಾಗ, “ನಾಗಸ್ವರದಲ್ಲಿ ಬೆರಳು ಅರ್ಧ ಎತ್ತಿದರೆ ಸ್ವರ ತೂಗಿ ಗಮಕ ಬರುತ್ತದೆ. ಸ್ಯಾಕ್ಸೋಫೋನಿನಲ್ಲಿ ಬೆರಳಿಗೂ ತೂತಿಗೂ ಮಧ್ಯೆ ಮುಚ್ಚಳ ಇದೆ. ಇವರು ಹೇಗೆ ತಂದರು?” ಅಂತ ಕೇಳಿದರು. ಉತ್ತರ ಅವರಿಗೂ ಗೊತ್ತಿರಲಿಲ್ಲ. ನಾನು ಸ್ಯಾಕ್ಸೋಫೋನ್ ಹಿಡಿದದ್ದೇ ಆ ಪ್ರಶ್ನೆಯಿಂದ.

ಈಗ ನನಗೆ ಅರ್ಧ ಉತ್ತರ ಗೊತ್ತು. ಕೆಳತುಟಿಯಲ್ಲಿ ರೀಡಿನ, ಅಂದರೆ ಊದುವ ಕಡೆ ಇರುವ ತೆಳು ಪಟ್ಟಿಯ, ಮೇಲೆ ಒತ್ತುವುದು, ಬಿಡುವುದು. ಗಂಟಲನ್ನು ಸ್ವಲ್ಪ ತೆರೆಯುವುದು. ಅದೇ ಹೊತ್ತಿಗೆ ಕೀ ಮೇಲೆ ಬೆರಳು ಚುರುಕಾಗಿ ಆಡುವುದು. ಇವೆಲ್ಲ ಒಟ್ಟಿಗೆ ಆದರೆ ಸ್ವರ ಜಾರುತ್ತದೆ. ತೋಡಿ ರಾಗದ ಗಾಂಧಾರ ಸ್ವರ ತೂಗಬೇಕಾದರೆ ಇಷ್ಟೂ ಬೇಕು. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಈ ವಾದ್ಯಕ್ಕೆ ಪೇಟೆಂಟ್ ತೆಗೆದುಕೊಂಡಾಗ ಅದನ್ನು ಬ್ಯಾಂಡಿಗಾಗಿ ಮಾಡಿದ್ದು. ಒಂದೊಂದು ಕೀಗೆ ಒಂದೊಂದು ನೆಟ್ಟಗಿನ ಸ್ವರ. ಅದನ್ನು ತೂಗುವಂತೆ ಮಾಡುವುದಕ್ಕೆ ಕದ್ರಿಯವರು ವರ್ಷಗಟ್ಟಲೆ ಸಾಧನೆ ಮಾಡಿದರು.

ಅವರ ಹಾದಿಯನ್ನು ನೋಡಿ. ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದರು. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಅದೇ ಬೇಕು ಅಂದುಕೊಂಡರು. ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರ್ ಅವರ ಬಳಿ, ಆಮೇಲೆ ಚೆನ್ನೈಯಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಬಳಿ ಕಲಿತರು. 1980ರ ಬಾಂಬೆ ಜಾಝ್ ಉತ್ಸವದಲ್ಲಿ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ ಅವರ ಜೊತೆ ನುಡಿಸಿದರು. ಹ್ಯಾಂಡಿಗೂ ನಮ್ಮ ದೇಶದ ಸಂಗೀತ ಹೊಸದಲ್ಲ. ಅವರು ಅದಕ್ಕೆ ಮೊದಲೇ ಸರೋದ್ ವಾದಕ ಅಲಿ ಅಕ್ಬರ್ ಖಾನರ ಜೊತೆ ಒಂದು ಆಲ್ಬಂ ಮಾಡಿದ್ದರು. ಅಂದರೆ ‘ಕಿನ್ಸ್‌ಮೆನ್’ ಬರುವ ಹೊತ್ತಿಗೆ ಜಾಝ್‌ನವರ ಪಕ್ಕದಲ್ಲಿ ಕೂತು ನುಡಿಸುವುದು ಕದ್ರಿಯವರಿಗೆ ಹಳೆಯ ಮಾತು. ಆ ನಿರಾಳತೆ ಸಿ.ಡಿ.ಯಲ್ಲಿ ಕೇಳುತ್ತದೆ.

ಇನ್ನು ರುದ್ರೇಶ್. ಅಪ್ಪ ಅಮ್ಮ ಕರ್ನಾಟಕ ಮೂಲದವರು. ಅಪ್ಪ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದರು. ಮಗ ಹುಟ್ಟಿದ್ದು 1971ರಲ್ಲಿ ಇಟಲಿಯ ಟ್ರಿಯೆಸ್ಟ್ ನಗರದಲ್ಲಿ. ಬೆಳೆದದ್ದು ಕೊಲರಾಡೋದ ಬೌಲ್ಡರ್‌ನಲ್ಲಿ. ಹುಡುಗನಾಗಿದ್ದಾಗ ಗ್ರೋವರ್ ವಾಷಿಂಗ್ಟನ್ ಜೂನಿಯರ್, ಡೇವಿಡ್ ಸ್ಯಾನ್‌ಬಾರ್ನ್ ಇವರ ರೆಕಾರ್ಡುಗಳನ್ನು ಕೇಳಿದರು. ಆಮೇಲೆ ಚಾರ್ಲಿ ಪಾರ್ಕರ್ ಸಿಕ್ಕರು. ಜಾಝ್ ಆಲ್ಟೋ ಹಿಡಿದವರು ಯಾರೂ ಪಾರ್ಕರ್ ಅವರನ್ನು ದಾಟದೆ ಮುಂದೆ ಹೋಗಲಾರರು. ನಮ್ಮಲ್ಲಿ ನಾಗಸ್ವರದವರಿಗೆ ಟಿ.ಎನ್. ರಾಜರತ್ನಂ ಪಿಳ್ಳೈ ಇದ್ದ ಹಾಗೆ.

ರುದ್ರೇಶ್ ಬಾಸ್ಟನ್ನಿನ ಬರ್ಕ್ಲೀ ಸಂಗೀತ ಕಾಲೇಜಿನಲ್ಲಿ ಓದುತ್ತಿದ್ದಾಗ ಅವರ ಅಣ್ಣ ತಮಾಷೆಗೆ ಒಂದು ಆಲ್ಬಂ ತಂದು ಕೊಟ್ಟರಂತೆ. ಹೆಸರು ‘ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್’. ನುಡಿಸಿದವರು ಕದ್ರಿ ಗೋಪಾಲನಾಥ್. ತಮಾಷೆಗೆ ಕೊಟ್ಟದ್ದು ತಮ್ಮನಿಗೆ ಜೀವನದ ವಿಷಯ ಆಯಿತು. ಈ ಸಂಗತಿ ಓದಿದಾಗ ನನಗೆ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದ ಅಪ್ಪ ನೆನಪಾದರು. ಸಜಿಪಮೂಡದ ಒಬ್ಬರು ಊದಿದ್ದು ನಮ್ಮ ಊರಿನಲ್ಲಿ ಒಬ್ಬ ಹುಡುಗನನ್ನು ಹಿಡಿಯಿತು, ಬಾಸ್ಟನ್ನಿನಲ್ಲಿ ಇನ್ನೊಬ್ಬನನ್ನು ಹಿಡಿಯಿತು. ಇಬ್ಬರೂ ಹೆಚ್ಚುಕಡಿಮೆ ಒಂದೇ ಕಾಲದವರು.

ಈಗ ಸಿ.ಡಿ.ಗೆ ಬರುತ್ತೇನೆ. ತಂಡದ ಹೆಸರು ದಕ್ಷಿಣ ಎನ್ಸೆಂಬಲ್. ಏಳು ಜನ. ಇಬ್ಬರು ಆಲ್ಟೋದವರು. ವಯಲಿನ್ ಎ. ಕನ್ಯಾಕುಮಾರಿ. ಮೃದಂಗ ಪೂವಲೂರು ಶ್ರೀಜಿ. ಗಿಟಾರ್ ರೆಝ್ ಅಬ್ಬಾಸಿ. ಅವರು ಕರಾಚಿಯಲ್ಲಿ ಹುಟ್ಟಿ ಲಾಸ್ ಏಂಜಲಿಸ್‌ನಲ್ಲಿ ಬೆಳೆದವರು. ತಗ್ಗು ಸ್ವರದ ದೊಡ್ಡ ತಂತಿವಾದ್ಯ ಬೇಸ್ ಕಾರ್ಲೋ ಡಿ ರೋಸಾ. ಡ್ರಮ್ಸ್ ರಾಯಲ್ ಹಾರ್ಟಿಗನ್.

ಮೊದಲ ದಿನ ನನಗೆ ಹಿಡಿಸಲಿಲ್ಲ. ಇದನ್ನು ಮುಚ್ಚಿಡುವುದಿಲ್ಲ. ‘ಗಣೇಶ’ ಅನ್ನುವ ಹೆಸರು ನೋಡಿ ಹಂಸಧ್ವನಿಯ ಹಾಗೆ ಏನೋ ಬರುತ್ತದೆ ಅಂದುಕೊಂಡು ಕೂತಿದ್ದೆ. ಡ್ರಮ್ಸ್, ಮೃದಂಗ, ಗಿಟಾರ್, ಎರಡು ಸ್ಯಾಕ್ಸ್ ಎಲ್ಲ ಸೇರಿ ಬಂದಾಗ ಕಿವಿಗೆ ಎಲ್ಲಿ ಹಿಡಿದುಕೊಳ್ಳಬೇಕು ಅಂತ ತಿಳಿಯಲಿಲ್ಲ. ಜಾತ್ರೆಯಲ್ಲಿ ನಾಲ್ಕು ವಾದ್ಯದ ಸೆಟ್ಟಿನವರು ಒಟ್ಟಿಗೆ ನುಡಿಸಿದ ಹಾಗಾಯಿತು. ಅರ್ಧಕ್ಕೆ ನಿಲ್ಲಿಸಿದೆ.

ಎರಡನೇ ದಿನ ಬೇರೆ ರೀತಿ ಕೇಳಿದೆ. ಹಳೆಯ ಡಿ.ವಿ.ಡಿ. ಪ್ಲೇಯರಿಗೆ ಹೆಡ್‌ಫೋನ್ ಹಾಕಿ, ಬರೀ ಬೇಸ್ ಕೇಳಿದೆ. ಆಗ ದಾರಿ ಸಿಕ್ಕಿತು. ನಮಗೆ ತಂಬೂರ ಹೇಗೋ ಇಲ್ಲಿ ಬೇಸ್ ಹಾಗೆ. ಜಾಝ್‌ನಲ್ಲಿ ಸಾಮಾನ್ಯವಾಗಿ ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, ಬದಲಾಗುತ್ತಾ ಹೋಗುತ್ತದೆ, ಅದಕ್ಕೆ ತಕ್ಕ ಹಾಗೆ ನುಡಿಸುವವರು ಸ್ವರ ಬದಲಿಸುತ್ತಾರೆ. ಇಲ್ಲಿ ಆ ಓಡಾಟ ಕಮ್ಮಿ. ನೆಲ ಒಂದೇ ಕಡೆ ನಿಲ್ಲುತ್ತದೆ. ಹಾಗಾಗಿ ಕದ್ರಿಯವರಿಗೆ ರಾಗ ಬಿಟ್ಟು ಹೊರಗೆ ಬರಬೇಕಾಗಿಲ್ಲ. ರುದ್ರೇಶ್‌ಗೆ ತಮ್ಮ ಜಾಗ ಬಿಟ್ಟು ಒಳಗೆ ಬರಬೇಕಾಗಿಲ್ಲ. ಇಬ್ಬರಿಗೂ ನಿಲ್ಲಲು ಸ್ಥಳ ಇದೆ. ರಚನೆ ಮಾಡುವಾಗಲೇ ರುದ್ರೇಶ್ ಇದನ್ನು ಯೋಚಿಸಿದ್ದಾರೆ ಅಂತ ನನಗೆ ಅನಿಸುತ್ತದೆ. ಹಿರಿಯರನ್ನು ಮನೆಗೆ ಕರೆದವರು ಅವರು ಕೂರುವ ಜಾಗ ಮೊದಲೇ ನೋಡಿ ಇಡುತ್ತಾರೆ ಅಲ್ವಾ, ಹಾಗೆ.

ಎರಡು ನಾದವನ್ನು ಬೇರೆ ಮಾಡುವುದು ಸುಲಭ. ಕದ್ರಿಯವರದ್ದು ಮೂಗಿನಿಂದ ಬಂದ ಹಾಗೆ, ಸ್ವಲ್ಪ ನಾಗಸ್ವರದ ಅಂಚು, ಒಂದು ಸ್ವರದಿಂದ ಇನ್ನೊಂದಕ್ಕೆ ಎಳೆ ಕಡಿಯುವುದಿಲ್ಲ. ಸ್ವರ ನಿಂತಾಗಲೂ ಸಣ್ಣಗೆ ಅಲುಗುತ್ತಿರುತ್ತದೆ. ರುದ್ರೇಶ್ ಅವರದ್ದು ಬಿಗಿ, ಒಣ, ಚೂಪು. ಒಂದೊಂದು ಸ್ವರಕ್ಕೂ ಮೂಲೆ ಇದೆ. ವೇಗಕ್ಕೆ ಹೋದಾಗ ಅಕ್ಕಿ ಚೆಲ್ಲಿದ ಹಾಗೆ ಸ್ವರಗಳು ಬೀಳುತ್ತವೆ, ಆದರೆ ಒಂದೂ ಮಸುಕಾಗುವುದಿಲ್ಲ. ನಾಲಿಗೆಯ ಹಿಡಿತ ಎಷ್ಟು ಚೆನ್ನಾಗಿರಬೇಕು ಅಂತ ಊದುವವರಿಗೆ ಗೊತ್ತಾಗುತ್ತದೆ.

ನನಗೆ ತುಂಬಾ ಇಷ್ಟವಾದದ್ದು ಇದು: ರುದ್ರೇಶ್ ಎಲ್ಲಿಯೂ ಕದ್ರಿಯವರನ್ನು ನಕಲು ಮಾಡುವುದಿಲ್ಲ. ಅಷ್ಟು ವರ್ಷ ಅವರ ರೆಕಾರ್ಡು ಕೇಳಿದವರು, ಈಗ ಪಕ್ಕದಲ್ಲೇ ಅವರಿದ್ದಾರೆ. ಎರಡು ಗಮಕ ಹಾಕಿ ತೋರಿಸುವ ಆಸೆ ಯಾರಿಗೆ ಆಗುವುದಿಲ್ಲ? ನನಗಂತೂ ಆಗುತ್ತಿತ್ತು. ನಾನು ಕಲಿತ ಮೊದಲ ಹತ್ತು ವರ್ಷ ಕದ್ರಿಯವರ ಕ್ಯಾಸೆಟ್ಟಿನ ಹಾಗೆಯೇ ಊದಿದವನು. ನಮ್ಮ ಕಡೆ ಸ್ಯಾಕ್ಸೋಫೋನಿನವರು ಮುಕ್ಕಾಲು ಪಾಲು ಹಾಗೆಯೇ. ಅದರಲ್ಲಿ ಭಕ್ತಿ ಇದೆ, ತಪ್ಪು ಅಂತ ಹೇಳುವುದಿಲ್ಲ. ಆದರೆ ರುದ್ರೇಶ್ ತೆಗೆದುಕೊಂಡದ್ದು ಬೇರೆ. ಪದಗುಚ್ಛ ಎಷ್ಟು ಉದ್ದ ಇರಬೇಕು, ಎಲ್ಲಿ ಉಸಿರು ಬಿಡಬೇಕು, ಎಡುಪ್ಪು, ಅಂದರೆ ತಾಳದಲ್ಲಿ ಶುರು ಮಾಡುವ ಜಾಗ, ಎಲ್ಲಿಂದ ಹಿಡಿಯಬೇಕು, ಕೊನೆಗೆ ಮೂರು ಸಲ ತಿರುಗಿಸಿ ತಾಳದ ಮೊದಲ ಪೆಟ್ಟಾದ ಸಮಕ್ಕೆ ಹೇಗೆ ಬರಬೇಕು. ಇವು ಅವರ ನುಡಿಸಾಣಿಕೆಯ ಒಳಗೆ ಹೋಗಿ ಕೂತಿವೆ. ನಾದ ಮಾತ್ರ ಪಾರ್ಕರ್ ಕಡೆಯದ್ದು, ನ್ಯೂಯಾರ್ಕಿನದ್ದು.

‘ಕನ್ವರ್ಜೆನ್ಸ್’ ಅನ್ನುವ ರಚನೆಯನ್ನು ನಾನು ಜಾಸ್ತಿ ಕೇಳಿದೆ. ಹೆಡ್‌ಫೋನ್ ತೆಗೆದು ನಮ್ಮ ಸೆಟ್ಟಿನ ಡೋಲಿನವರಿಗೂ ಕೇಳಿಸಿದೆ. ಅವರಿಗೆ ಅರವತ್ತು ದಾಟಿದೆ. ಜಾಝ್ ಅನ್ನುವ ಪದ ಅವರಿಗೆ ಬೇಡ.

“ಅಣ್ಣ, ಸ್ವಲ್ಪ ಕೇಳಿ. ಇಷ್ಟ ಆಗದಿದ್ದರೆ ನಿಲ್ಲಿಸುತ್ತೇನೆ” ಅಂದೆ.

ಮೊದಲು ಸುಮ್ನೆ ಕೂತಿದ್ದರು. ಆಮೇಲೆ ತೊಡೆಯ ಮೇಲೆ ತಾಳ ಹಾಕಲು ಶುರು ಮಾಡಿದರು. ಒಂದು ಕಡೆ ತಪ್ಪಿತು. ಮತ್ತೆ ಹಾಕಿದರು. ಮುಗಿದ ಮೇಲೆ, “ಇನ್ನೊಂದು ಸಲ ಹಾಕು ಮಾರಾಯ” ಅಂದರು. ಎರಡನೇ ಸಲ ತಪ್ಪಲಿಲ್ಲ. “ಇವರಿಬ್ಬರದ್ದು ಜಗಳ ಅಲ್ಲ. ಆದರೆ ಮೃದಂಗದವರನ್ನು ಇನ್ನೂ ಸ್ವಲ್ಪ ಮುಂದೆ ಕೂರಿಸಬೇಕಿತ್ತು.”

ಆ ಮಾತು ಸರಿ. ನನ್ನ ದೊಡ್ಡ ದೂರು ಅದೇ. ಡ್ರಮ್ಸ್ ಜೋರಾದ ಕಡೆಗಳಲ್ಲಿ ಮೃದಂಗದ ಎಡಗೈ ಮುಳುಗಿಹೋಗುತ್ತದೆ. ಬಲಗೈಯ ಚಾಪು ಪೆಟ್ಟು ಕೇಳುತ್ತದೆ, ಎಡಗೈ ಒತ್ತಿ ಬರಿಸುವ ಗುಮ್ಕಿ ನಾದ ಕೇಳುವುದಿಲ್ಲ. ಹಾರ್ಟಿಗನ್ ಒಳ್ಳೆಯ ಕಿವಿಯವರು, ಎಷ್ಟೋ ಕಡೆ ತಾವೇ ತಗ್ಗುತ್ತಾರೆ. ಆದರೂ ಡ್ರಮ್ಸಿನ ಕಂಚಿನ ತಟ್ಟೆಯ ಝಣಝಣ ಇದ್ದಲ್ಲಿ ಚರ್ಮದ ಸಣ್ಣ ನುಡಿ ಉಳಿಯುವುದು ಕಷ್ಟ. ನಾವು ಡೋಲು, ಡ್ರಮ್ ಸೆಟ್ ಎರಡೂ ಇಟ್ಟುಕೊಂಡು ಮೆರವಣಿಗೆಯಲ್ಲಿ ನುಡಿಸುವಾಗಲೂ ಇದೇ ತೊಂದರೆ.

ಎರಡನೇ ದೂರು ಕನ್ಯಾಕುಮಾರಿ ಅವರ ಬಗ್ಗೆ. ಅವರ ವಾದನದಲ್ಲಿ ಏನೂ ಕೊರತೆ ಇಲ್ಲ, ಅವರಿಗೆ ಸಿಕ್ಕ ಜಾಗ ಸಾಲದು. ಗಾಯಕಿ ಎಂ.ಎಲ್. ವಸಂತಕುಮಾರಿ ಅವರಿಗೆ ವರ್ಷಗಟ್ಟಲೆ ಪಕ್ಕವಾದ್ಯ ನುಡಿಸಿದವರು. ಕದ್ರಿಯವರ ಜೊತೆ ಅಷ್ಟೇ ದೀರ್ಘ ಒಡನಾಟ. ಕದ್ರಿಯವರು ಒಂದು ಸಾಲನ್ನು ಬೇರೆ ಬೇರೆ ರೀತಿ ನುಡಿಸುವಾಗ ಎಲ್ಲಿ ತಿರುಗಿಸುತ್ತಾರೆ ಅನ್ನುವುದು ಅವರಿಗೆ ಮೊದಲೇ ಗೊತ್ತಿರುತ್ತದೆ. ದೊಡ್ಡ ರಚನೆಗಳ ನಡುನಡುವೆ ಒಬ್ಬೊಬ್ಬರ ಹೆಸರಿನಲ್ಲಿ ಸಣ್ಣ ಆಲಾಪನೆ ಇಟ್ಟಿದ್ದಾರೆ: ‘ರೆಝ್ ಆಲಾಪ್’, ‘ಕಾರ್ಲೋ ಆಲಾಪ್’, ‘ಕನ್ಯಾ ಆಲಾಪ್’. ಯೋಚನೆ ಬಹಳ ಚೆನ್ನಾಗಿದೆ. ಗಿಟಾರಿನವರು, ಬೇಸಿನವರು ಆಲಾಪನೆಯ ದಾರಿಯಲ್ಲಿ ನಡೆಯುವುದನ್ನು ಕೇಳುವುದೇ ಒಂದು ಅನುಭವ. ಆದರೆ ಕನ್ಯಾಕುಮಾರಿ ಅವರದ್ದು ರಾಗ ಅರಳುವಷ್ಟರಲ್ಲಿ ಮುಗಿಯುತ್ತದೆ. ಕಚೇರಿಯಲ್ಲಿ ಅವರನ್ನು ಕೇಳಿದವರಿಗೆ ಹೊಟ್ಟೆ ತುಂಬುವುದಿಲ್ಲ.

‘ಲಾಂಗಿಂಗ್’ ನಿಧಾನದ್ದು. ರಾತ್ರಿ ಮಳೆ ಸುರಿಯುತ್ತಿದ್ದಾಗ ಕೇಳಿದೆ. ಕದ್ರಿಯವರ ನಾದ ಅಲ್ಲಿ ಎಷ್ಟು ಹತ್ತಿರ ಬರುತ್ತದೆ ಅಂದರೆ ರೀಡಿನ ಉಸಿರು ಕೂಡ ಕೇಳಿದ ಹಾಗೆ. ಅವರು 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ತೀರಿಕೊಂಡರು. ಆ ದಿನ ನಾವು ಒಂದು ಕಾರ್ಯಕ್ರಮದಲ್ಲಿದ್ದೆವು, ಸುದ್ದಿ ಫೋನಿನಲ್ಲಿ ಬಂತು. ನುಡಿಸಿ ಮುಗಿಸಿದೆವು. ಆಮೇಲೆ ಯಾರೂ ಊಟಕ್ಕೆ ಏಳಲಿಲ್ಲ. ‘ಲಾಂಗಿಂಗ್’ ಕೇಳುವಾಗ ಆ ಮಧ್ಯಾಹ್ನ ಮತ್ತೆ ಬಂತು. ಇದನ್ನು ವಿಮರ್ಶೆ ಅಂತ ಹೇಳಲಾರೆ, ಆದರೆ ಬರೆಯದೆ ಬಿಡಲೂ ಆಗಲಿಲ್ಲ.

ಈ ಸಿ.ಡಿ. ಆದ ಮೇಲೆ ರುದ್ರೇಶ್ ಅವರ ಬೇರೆ ಕೆಲಸಗಳನ್ನೂ ಅಕ್ಕನ ಮಗನ ಫೋನಿನ ಆ್ಯಪಿನಲ್ಲಿ ಹುಡುಕಿ ಕೇಳಿದೆ. 2004ರ ‘ಮದರ್ ಟಂಗ್’ ಕನ್ನಡಿಗರು ಕೇಳಲೇಬೇಕು. ಅಮೆರಿಕದಲ್ಲಿ ಭಾರತೀಯರನ್ನು “ನೀವು ಇಂಡಿಯನ್ ಮಾತಾಡುತ್ತೀರಾ?” ಅಂತ ಕೇಳುವುದು ಮಾಮೂಲಂತೆ. ಅದಕ್ಕೆ ಬೇರೆ ಬೇರೆ ಭಾಷೆಯವರಿಂದ ಅವರವರ ಮಾತಿನಲ್ಲೇ ಉತ್ತರ ಹೇಳಿಸಿ, ಆ ಮಾತಿನ ಏರಿಳಿತವನ್ನೇ ಸ್ವರ ಮಾಡಿಕೊಂಡು ರಚನೆ ಮಾಡಿದ್ದಾರೆ. ಅದರಲ್ಲಿ ಒಂದರ ಹೆಸರೇ ‘ಕನ್ನಡ’. ನಾವು ಮಾತಾಡುವ ಧಾಟಿ ಸ್ಯಾಕ್ಸೋಫೋನಿನಲ್ಲಿ ಬಂದರೆ ಹೇಗಿರುತ್ತದೆ ಅಂತ ಕೇಳಿ ನೋಡಿ.

ಅದರಲ್ಲಿ ಪಿಯಾನೋ ವಿಜಯ್ ಅಯ್ಯರ್ ಅವರದ್ದು. ತಮಿಳು ಮನೆತನದವರು, ಅಮೆರಿಕದಲ್ಲೇ ಹುಟ್ಟಿದವರು. ಸ್ಟೀವ್ ಕೋಲ್ಮನ್ ಅನ್ನುವ ಇನ್ನೊಬ್ಬ ಆಲ್ಟೋ ವಾದಕರ ಮೂಲಕ ಇಬ್ಬರಿಗೂ ಪರಿಚಯ ಆಯಿತಂತೆ. ಇಬ್ಬರೇ ಕೂತು 2006ರಲ್ಲಿ ‘ರಾ ಮೆಟೀರಿಯಲ್ಸ್’ ಮಾಡಿದರು. ಅದು ನನಗೆ ಸ್ವಲ್ಪ ಕಷ್ಟವಾಯಿತು. ಮೃದಂಗವೂ ಇಲ್ಲ, ಡ್ರಮ್ಸೂ ಇಲ್ಲ, ಲೆಕ್ಕ ಎಲ್ಲ ಅವರಿಬ್ಬರ ತಲೆಯಲ್ಲೇ ನಡೆಯುತ್ತದೆ. 2010ರ ‘ಅಪೆಕ್ಸ್’ ಬೇರೆ ತರಹ. ಶಿಕಾಗೋದ ಹಿರಿಯ ಆಲ್ಟೋ ವಾದಕ ಬಂಕಿ ಗ್ರೀನ್ ಜೊತೆ ಮಾಡಿದ್ದು. ವಿದ್ಯಾರ್ಥಿಯಾಗಿದ್ದಾಗ ಅವರ ರೆಕಾರ್ಡು ಕೇಳಿ ರುದ್ರೇಶ್ ಬೆರಗಾಗಿದ್ದರು. ಕದ್ರಿಯವರನ್ನು ಕರೆದ ಹಾಗೆಯೇ ಅವರನ್ನೂ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡರು. ತಾನು ಯಾರಿಂದ ಕಲಿತೆನೋ ಅವರನ್ನು ಹುಡುಕಿಕೊಂಡು ಹೋಗಿ, ಅವರ ಹೆಸರು ಡಬ್ಬಿಯ ಮೇಲೆ ಹಾಕಿಸಿ, ಜೊತೆಯಲ್ಲಿ ನುಡಿಸುವುದು ಈ ಮನುಷ್ಯನ ಸ್ವಭಾವ ಅಂತ ಕಾಣುತ್ತದೆ. ಪಾರ್ಕರ್ 1955ರಲ್ಲೇ ತೀರಿಕೊಂಡಿದ್ದರು. ಅವರಿಗಾಗಿ 2015ರಲ್ಲಿ ‘ಬರ್ಡ್ ಕಾಲ್ಸ್’ ಮಾಡಿದರು. ಪಾರ್ಕರ್ ಅವರ ಹಾಡುಗಳನ್ನು ಇದ್ದ ಹಾಗೆ ನುಡಿಸದೆ, ಅವುಗಳ ಚೂರು ಹಿಡಿದು ಹೊಸದಾಗಿ ಕಟ್ಟಿದ್ದಾರೆ.

2011ರ ‘ಸಂಧಿ’ಯಲ್ಲಿ ಅನಂತಕೃಷ್ಣನ್ ಅವರ ಮೃದಂಗ, ಖಂಜಿರ ಇದೆ. ಎಲೆಕ್ಟ್ರಿಕ್ ಬೇಸ್ ಇದೆ, ಲ್ಯಾಪ್‌ಟಾಪ್ ಶಬ್ದವೂ ಇದೆ. ಹುಡುಗರಿಗೆ ಅದು ಬೇಗ ಹಿಡಿಸಬಹುದು. ನನಗೆ ‘ಕಿನ್ಸ್‌ಮೆನ್’ನಷ್ಟು ಆಗಲಿಲ್ಲ.

ಯಾರು ಕೇಳಬಹುದು? ಕದ್ರಿಯವರ ‘ಎಂದರೋ ಮಹಾನುಭಾವುಲು’ ಕೇಳುವ ಮನಸ್ಸಿನಲ್ಲಿ ಇದನ್ನು ಹಾಕಿದರೆ ಸಿಟ್ಟು ಬರುತ್ತದೆ. ಅಡುಗೆ ಮಾಡುತ್ತಾ, ಕಾರು ಓಡಿಸುತ್ತಾ ಕೇಳುವಂಥದ್ದೂ ಅಲ್ಲ. ಮೊದಲು ‘ಲಾಂಗಿಂಗ್’ ಕೇಳಿ. ಆಮೇಲೆ ‘ಕನ್ಯಾ ಆಲಾಪ್’. ಕಿವಿ ಒಗ್ಗಿದ ಮೇಲೆ ‘ಗಣೇಶ’, ‘ಕನ್ವರ್ಜೆನ್ಸ್’. ಹೆಡ್‌ಫೋನ್ ಇದ್ದರೆ ಒಳ್ಳೆಯದು. ಫೋನಿನ ಸ್ಪೀಕರಿನಲ್ಲಿ ಬೇಸ್ ಕೇಳುವುದಿಲ್ಲ. ಬೇಸ್ ಕೇಳದಿದ್ದರೆ ನನಗೆ ಮೊದಲ ದಿನ ಆದ ಹಾಗೆ ಆಗುತ್ತದೆ. ಸಿ.ಡಿ. ಕೊಳ್ಳುವುದಾದರೆ ಪುಸ್ತಿಕೆ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ.

ಸ್ಯಾಕ್ಸೋಫೋನ್ ಊದುವ ನಮ್ಮ ಕಡೆಯ ಹುಡುಗರಿಗೆ ಒಂದು ಕೋರಿಕೆ. ‘ಕನ್ವರ್ಜೆನ್ಸ್’ನಲ್ಲಿ ರುದ್ರೇಶ್ ನುಡಿಸುವ ನಾಲ್ಕು ಆವರ್ತ, ಅಂದರೆ ತಾಳದ ನಾಲ್ಕು ಸುತ್ತು, ತೆಗೆದುಕೊಂಡು ಬರೆದು ಅಭ್ಯಾಸ ಮಾಡಿ ನೋಡಿ. ನಾನು ಮಾಡುತ್ತಿದ್ದೇನೆ. ಎರಡು ಆವರ್ತ ಆಗಿದೆ. ಮೂರನೆಯದರಲ್ಲಿ ಬೆರಳು ಬರುತ್ತದೆ, ನಾಲಿಗೆ ಹಿಂದೆ ಬೀಳುತ್ತದೆ. ಚೌತಿಗೆ ಮೊದಲ ಕಾರ್ಯಕ್ರಮ ಇದೆ, ಅಷ್ಟರೊಳಗೆ ನಾಲ್ಕೂ ಆಗಬೇಕು ಅಂತ ದಿನಾ ಬೆಳಿಗ್ಗೆ ಕೂರುತ್ತೇನೆ. ಡೋಲಿನ ಅಣ್ಣ ಬಂದು ತಾಳ ಹಾಕುತ್ತಾರೆ.